ಮೂರನೇ ಸಾಲಿನವಳ ಅಭಿಪ್ರಾಯ

ಆ ಮನೆಯಲ್ಲಿ ಸೂಪಿಗೆ ಉಪ್ಪು ಕಮ್ಮಿಯಾದರೆ ಹೇಗೋ ನಡೆದುಹೋಗುತ್ತಿತ್ತು, ಸಂಜೆ ಊಟದ ಹೊತ್ತಿಗೆ ಓದು ಇಲ್ಲದಿದ್ದರೆ ಮಾತ್ರ ಯಾರಿಗೂ ತುತ್ತು ಇಳಿಯುತ್ತಿರಲಿಲ್ಲ. ಓದು ಅಂದರೆ ಪಾಠವಲ್ಲ, ಪ್ರಾರ್ಥನೆಯೂ ಅಲ್ಲ. ಅಪ್ಪನ ರಾಕ್ ಬ್ಯಾಂಡಿನ ಬಗ್ಗೆ ಜನ ಏನೇನು ಬರೆದಿದ್ದಾರೆ ಅನ್ನುವುದನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಮಿಕ್ಕವರು ಉಣ್ಣುತ್ತಾ ಕೇಳಬೇಕು.

ಅಪ್ಪ ದಿನಾ ಬೆಳಗ್ಗೆ ಬೇಕರಿಯ ವ್ಯಾನು ಓಡಿಸಿ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕಿ ಬರುತ್ತಿದ್ದ. ವಾರದ ಕೊನೆಗೆ ವೇದಿಕೆ ಹತ್ತಿ ಹಾಡುತ್ತಿದ್ದ. ದನಿ ಹುಟ್ಟಿನಿಂದಲೇ ಗೊಗ್ಗರು. ಆ ಗೊಗ್ಗರಿಗೇ ಜನ ಮರುಳಾಗಿ ಅವನಿಗೆ ಗೊಗ್ಗಣ್ಣ ಎಂದು ಹೆಸರಿಟ್ಟಿದ್ದರು. ಅವನಿಗೆ ನೆಗಡಿಯಾದರೆ ಟಿಕೆಟ್ಟು ಜಾಸ್ತಿ ಖರ್ಚಾಗುತ್ತೆ ಎಂದು ಬ್ಯಾಂಡಿನವರೇ ತಮಾಷೆ ಮಾಡುತ್ತಿದ್ದರು.

ಓದುವ ಪದ್ಧತಿ ಶುರುವಾದದ್ದು ಮೊಟ್ಟಮೊದಲ ಆಲ್ಬಮ್ ಬಂದಾಗ. ಯಾವುದೋ ಪತ್ರಿಕೆಯವನು 'ಗೇಟಿಗೆ ಸಿಕ್ಕಿಕೊಂಡ ಕರು ಕೂಗಿದ ಹಾಗಿದೆ' ಎಂದು ಬರೆದ. ಅಪ್ಪ ಅದನ್ನು ತಾನೇ ಓದಿಕೊಂಡು ವಾರವೊಪ್ಪತ್ತು ಹಾಸಿಗೆ ಹಿಡಿದುಬಿಟ್ಟ. ಬೇಕರಿಯವರು ಹೇಳಿ ಕಳಿಸಿದರೂ ಏಳಲಿಲ್ಲ. ಕೊನೆಗೆ ಅಜ್ಜಿ ಆ ಪತ್ರಿಕೆಯನ್ನು ಕಿತ್ತುಕೊಂಡು, ಅದೇ ಸಾಲನ್ನು ಕರುವಿನ ದನಿಯಲ್ಲೇ ಓದಿ, "ಬರೆದವನ ಮೂತಿ ನೋಡಿದ್ದೀಯೇನೋ? ಅವನನ್ನ ಗೇಟು ಕೂಡ ಹಿಡ್ಕೊಳ್ಳಲ್ಲ" ಅಂದಳು. ಅಪ್ಪ ನಕ್ಕ. ಎದ್ದು ಮುಖ ತೊಳೆದ. ಅವತ್ತಿನಿಂದ ಮನೆಯಲ್ಲಿ ಕಟ್ಟಪ್ಪಣೆ: ತನ್ನ ಬಗ್ಗೆ ಬರೆದದ್ದನ್ನು ಅಪ್ಪ ಕಣ್ಣಿಂದ ನೋಡಕೂಡದು, ಕಿವಿಯಿಂದಲೇ ಕೇಳಬೇಕು. ಅಜ್ಜಿ ಬೈಗುಳವನ್ನೂ ಬಿಡದೆ ಓದುತ್ತಿದ್ದಳು, ಓದಿ ಬೈದವನಿಗೆ ತನ್ನದೂ ಎರಡು ಸೇರಿಸುತ್ತಿದ್ದಳು. ಅವಳ ಬಾಯಿಂದ ಬಂದರೆ ಎಂಥ ಕಹಿಯೂ ಅಪ್ಪನಿಗೆ ಜೀರ್ಣವಾಗುತ್ತಿತ್ತು.

ಅಜ್ಜಿಯ ಕಣ್ಣು ಮಂಜಾದ ಮೇಲೆ ಈ ಕೆಲಸ ಮೊಮ್ಮಗಳ ಪಾಲಿಗೆ ಬಂತು. ಅವಳನ್ನು ಮನೆಯಲ್ಲಿ ಕರೆಯುವುದೇ ಜಾಣಿ ಅಂತ. ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ. ಕೋಳಿ ಕೆದರಿದ ಹಾಗೆ ಬರೆದ ವಿಳಾಸವನ್ನೂ ಅವಳು ನೀರು ಕುಡಿದ ಹಾಗೆ ಓದುತ್ತಿದ್ದಳು. ಅವಳ ಕೈ ದಾಟಿದ ಪಾರ್ಸೆಲ್ ಬೇರೆ ಮನೆಗೆ ಹೋದ ದಾಖಲೆಯೇ ಇರಲಿಲ್ಲ.

ಬ್ಯಾಂಡಿನ ಲೈವ್ ಆಲ್ಬಮ್ ಬಂದ ವಾರ ಜಾಣಿ ಅಭಿಮಾನಿಗಳ ಗುಂಪನ್ನು ಫೋನಿನಲ್ಲಿ ತೆರೆದಳು. ಅಪ್ಪ ಈ ಆಲ್ಬಮ್ಮಿನ ಮೇಲೆ ಜೀವವನ್ನೇ ಇಟ್ಟಿದ್ದ. ಎಷ್ಟೋ ವರ್ಷದ ಮೇಲೆ ದೊಡ್ಡ ಸಭಾಂಗಣ ತುಂಬಿತ್ತು, ಆ ರಾತ್ರಿಯನ್ನೇ ಹಿಡಿದಿಟ್ಟಿದ್ದರು. ಜನ ಮಾತ್ರ ಬಾಯಿಗೆ ಬಂದ ಹಾಗೆ ಬರೆದಿದ್ದರು. 'ಹಾಲ್‌ನಲ್ಲಿ ಕೂತು ಕೇಳಿದ್ದೇ ಬೇರೆ, ಇದರಲ್ಲಿ ಇರೋದೇ ಬೇರೆ. ಚಪ್ಪಾಳೆ ಆಮೇಲೆ ಅಂಟಿಸಿದ್ದಾರೆ.' 'ಹಳೇ ಹಾಡುಗಳನ್ನ ಎಷ್ಟು ಎಳೆದಿದ್ದಾರೆ ಅಂದ್ರೆ ಮಧ್ಯೆ ಎದ್ದುಹೋಗಿ ಟೀ ಕುಡಿದು ಬರಬಹುದು.' 'ಡ್ರಮ್ಮು ಪಾತ್ರೆ ಅಂಗಡಿ ಮೆಟ್ಟಿಲಿಂದ ಉರುಳಿದ ಹಾಗಿದೆ.' ಮತ್ತೊಬ್ಬ: 'ಗೊಗ್ಗಣ್ಣ ಹಾಡ್ತಿದ್ದಾನೋ ಬಾಯಿ ಮುಕ್ಕಳಿಸ್ತಿದ್ದಾನೋ ತಿಳಿದವರು ಹೇಳಿ.' ಅದರ ಕೆಳಗೆ ನಗುವ ಮುಖಗಳ ಸಾಲು.

ಅಡುಗೆಮನೆಯಲ್ಲಿ ಅಮ್ಮ ಆಲೂಗಡ್ಡೆ ಸುಲಿಯುತ್ತಿದ್ದಳು. ಲಾಂಡ್ರಿಯಲ್ಲಿ ಇಡೀ ದಿನ ಇಸ್ತ್ರಿ ಹಿಡಿದ ಕೈ, ಮನೆಗೆ ಬಂದರೂ ಬಿಸಿ ಆರಿರುತ್ತಿರಲಿಲ್ಲ. ಜಾಣಿ ಫೋನನ್ನು ಅವಳ ಮುಂದೆ ಹಿಡಿದಳು.

"ಇದನ್ನ ಹೇಗಮ್ಮಾ ಓದೋದು?"

ಅಮ್ಮ ಎರಡು ಸಾಲು ಓದಿ ಮುಖ ಹಿಂಡಿದಳು. "ಓದ್ಬೇಡ."

"ಓದದೇ ಇದ್ರೆ ಅಪ್ಪ ಕೇಳಲ್ವಾ?"

"ಒಳ್ಳೇದನ್ನ ಓದು. ಬೈದಿದ್ದನ್ನ ಬಿಡು. ಅವರು ಈಗ್ಲೇ ದಣಿದು ಹೋಗಿದ್ದಾರೆ, ಬ್ರೆಡ್ ಟ್ರೇ ಎತ್ತಿದ್ರೆ ಏದುಸಿರು ಬಿಡ್ತಾರೆ. ಇದನ್ನೂ ಹೊರಿಸ್ಬೇಕಾ?"

"ಒಳ್ಳೇದು ಎರಡೇ ಎರಡು ಇದೆ ಅಮ್ಮಾ."

"ನೀನು ಜಾಣಿ ಅಲ್ವಾ," ಅಂದು ಅಮ್ಮ ಸಿಪ್ಪೆಯನ್ನು ಬುಟ್ಟಿಗೆ ಹಾಕಿದಳು.

ಅವತ್ತು ಜಾಣಿ ಆ ಎರಡನ್ನು ಓದಿ, ಮೂರನೆಯದಕ್ಕೆ ಬಂದಾಗ ಒಂದು ಗುಟುಕು ನೀರು ಕುಡಿದು, ತಾನೇ ಕಟ್ಟಿ ಹೇಳಿದಳು: "'ಗೊಗ್ಗಣ್ಣನ ದನಿ ವಯಸ್ಸಾದಷ್ಟೂ ಮಾಗ್ತಾ ಇದೆ.'" ಅಪ್ಪ ಬ್ರೆಡ್ಡನ್ನು ಸೂಪಿಗೆ ಅದ್ದಿದವನು ಎತ್ತುವುದನ್ನೇ ಮರೆತ. ಅದು ಬಟ್ಟಲಲ್ಲೇ ಕರಗಿಹೋಯಿತು. "ಮಾಗ್ತಾ ಇದೆ ಅಂತಾನಾ?" ಎಂದು ಕೇಳಿದ. ಅವನ ಮುಖ ನೋಡಿ ಜಾಣಿಗೆ ನಾಲಗೆ ಇನ್ನೂ ಸಲೀಸಾಯಿತು.

ಅಲ್ಲಿಂದ ದಿನಾ ಅದೇ ಆಯಿತು. ಅಜ್ಜಿ ಮಾತ್ರ ಒಂದು ದಿನ, "ಎಲ್ಲರೂ ಹೊಗಳೋರೇ ಆಗಿಬಿಟ್ಟಿದ್ದಾರಲ್ಲ, ಬೈಯೋರೆಲ್ಲ ಸತ್ರಾ?" ಎಂದು ಗೊಣಗಿದಳು. ಮಾರನೆಯ ದಿನದಿಂದ ಜಾಣಿ ಊಟಕ್ಕೆ ಉಪ್ಪಿನಷ್ಟು ದೂರನ್ನೂ ಬೆರೆಸತೊಡಗಿದಳು: ಚಪ್ಪಾಳೆ ಸ್ವಲ್ಪ ಜೋರಾಯಿತು, ಮುಖಪುಟದ ಬಣ್ಣ ಚೆನ್ನಾಗಿಲ್ಲ, ಅಷ್ಟೇ. ಅಜ್ಜಿ ಖುಷಿಯಿಂದ ಬಣ್ಣದವನನ್ನು ಬೈದಳು. ಆಫೀಸಿನಲ್ಲಿ ಒಂದು ಮನೆ ನಂಬರು ಬದಲಿಸಿದರೆ ಕೆಲಸ ಹೋಗುತ್ತಿತ್ತು, ಮನೆಯಲ್ಲಿ ಅವಳು ದಿನಾ ಇಡೀ ಮಾತನ್ನೇ ಬದಲಿಸುತ್ತಿದ್ದಳು.

ಗುಂಪಿನಲ್ಲಿ ಒಬ್ಬಳಿದ್ದಳು, ಹೆಸರು ಹಾಕಿಕೊಳ್ಳದೆ 'ಮೂರನೇ ಸಾಲು' ಎಂದಷ್ಟೇ ಬರೆಯುತ್ತಿದ್ದಳು. ಎಲ್ಲಿ ಕಾರ್ಯಕ್ರಮವಾದರೂ ಮೂರನೇ ಸಾಲಿನಲ್ಲೇ ಕೂರುವವಳಂತೆ. ಹೊಗಳಿಕೆಯೂ ಅಳತೆ, ತೆಗಳಿಕೆಯೂ ಅಳತೆ. ಆಲ್ಬಮ್ ಬಂದ ಎರಡನೇ ವಾರ ಅವಳು ಬರೆದದ್ದನ್ನು ಜಾಣಿ ಆಫೀಸಿನಲ್ಲಿ, ಪಾರ್ಸೆಲ್ ಗುಡ್ಡೆಯ ಪಕ್ಕ ಕೂತು ಮೊಟ್ಟೆ ಬ್ರೆಡ್ಡು ತಿನ್ನುತ್ತಾ ಓದಿದಳು.

'ಎಲ್ಲರೂ ಗೊಗ್ಗಣ್ಣನ ದನಿ ಕೆಟ್ಟಿದೆ ಅಂತ ನಗ್ತಿದ್ದೀರಿ. ನಾನು ಮೊದಲಿಂದಲೂ ಅವರನ್ನ ಕೇಳಿಕೊಂಡು ಬಂದವಳು. ಇದು ಅವರ ಯಾವತ್ತಿನ ಗೊಗ್ಗರು ಅಲ್ಲ. ನಿಧಾನದ ಹಾಡಿನ ಕೊನೆಯ ಬಾ ಅನ್ನೋದನ್ನ ಮತ್ತೆ ಕೇಳಿ, ದನಿ ಎರಡಾಗಿ ಸೀಳುತ್ತೆ. ಸಾಲಿನ ಮಧ್ಯೆ ಉಸಿರು ತಗೋತಾರೆ, ಹಾಡುಗಳ ನಡುವೆ ಮಾತಾಡುವಾಗ ಕಷ್ಟಪಟ್ಟು ಉಗುಳು ನುಂಗ್ತಾರೆ. ನಾನು ಆಸ್ಪತ್ರೆಯಲ್ಲಿ ಗಂಟಲ ವಾರ್ಡಿನ ನರ್ಸ್. ಇಂಥ ದನಿಯನ್ನ ದಿನಾ ಕೇಳ್ತೀನಿ. ನನ್ನ ಮಾತು ಸುಳ್ಳಾಗಲಿ, ಆದ್ರೆ ಅವರ ಮನೆಯವರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಅವರಿಗೆ ಹೇಳಿ, ಒಂದ್ಸಲ ಗಂಟಲು ತೋರಿಸಿಕೊಳ್ಳಲಿ.'

ಜಾಣಿ ಅದನ್ನು ಎರಡು ಸಲ ಓದಿದಳು. ಇದೂ ಒಂದು ಬಗೆಯ ಬೈಗುಳವೇ ಅನ್ನಿಸಿತು ಅವಳಿಗೆ. ಬೇರೆಯವರು ನಕ್ಕು ಬೈದರು, ಇವಳು ಕನಿಕರದಲ್ಲಿ ಬೈದಳು. ಅಪ್ಪನ ದನಿ ಯಾವತ್ತು ಸರಿಯಿತ್ತು? ಚಿಕ್ಕವಳಿದ್ದಾಗ ಅವನು ಕಥೆ ಹೇಳಿದರೆ ಗರಗಸದ ಸದ್ದು ಬರುತ್ತಿತ್ತು, ಅದನ್ನು ಕೇಳಿಕೊಂಡೇ ಅವಳು ನಿದ್ದೆ ಮಾಡುತ್ತಿದ್ದಳು. ಊಟದ ಡಬ್ಬಿ ಮುಚ್ಚಿ ಎದ್ದು ಕೆಲಸಕ್ಕೆ ಹೋದಳು.

ಸಂಜೆ ಅಪ್ಪ ತಾನಾಗಿಯೇ ಕೇಳಿದ. "ಮೂರನೇ ಸಾಲಿನವಳು ಏನಾದ್ರೂ ಬರೆದಳಾ? ಅವಳ ಮಾತು ತೂಕದ್ದು."

ಜಾಣಿ ಫೋನನ್ನು ನೋಡಿದಳು. ಅಕ್ಷರಗಳು ಅಲ್ಲೇ ಇದ್ದವು. "ಹೂಂ, ಬರೆದಿದ್ದಾರೆ. 'ನಾನು ಗಂಟಲ ವಾರ್ಡಿನ ನರ್ಸ್. ದಿನಾ ಎಷ್ಟೋ ದನಿ ಕೇಳ್ತೀನಿ. ಆದ್ರೆ ನಿಧಾನದ ಹಾಡಿನ ಕೊನೆಯ ಬಾ ಕೇಳಿ ಕಣ್ಣೀರು ತಡೆಯೋಕಾಗ್ಲಿಲ್ಲ. ಮತ್ತೆ ಮತ್ತೆ ಕೇಳಿದೆ.'"

ಅಮ್ಮ ಒಲೆಯ ಕಡೆ ತಿರುಗಿ ನಿಂತಳು. ಆ ಹಾಡು ಅಪ್ಪ ಮದುವೆಗೆ ಮುಂಚೆ ಅಮ್ಮನಿಗಾಗಿ ಕಟ್ಟಿದ್ದು, ಅದನ್ನು ಮನೆಯಲ್ಲಿ ಅಮ್ಮನ ಹಾಡು ಅಂತಲೇ ಕರೆಯುತ್ತಿದ್ದರು.

"ನರ್ಸೇ ಅತ್ತಳಂತೆ ಕಣೋ," ಅಂದಳು ಅಜ್ಜಿ. "ಅವರು ಅಷ್ಟು ಸುಲಭಕ್ಕೆ ಅಳೋರಲ್ಲ."

ಅಪ್ಪನಿಗೆ ಹೊಸ ರೆಕ್ಕೆ ಬಂದ ಹಾಗಾಯಿತು. ಬ್ಯಾಂಡಿನವರು ಸ್ವಲ್ಪ ದಿನ ಸುಮ್ಮನಿರೋಣ ಅಂದರೂ ಕೇಳದೆ, ಕರೆದ ಕಡೆಗೆಲ್ಲ ಒಪ್ಪಿಕೊಂಡ. ಸಣ್ಣ ಸಣ್ಣ ಹಾಲ್‌ಗಳು, ಅರ್ಧ ಖಾಲಿ ಕುರ್ಚಿಗಳು. ಒಂದು ಶನಿವಾರ ಜಾಣಿಯೂ ಜೊತೆಗೆ ಹೋಗಿದ್ದಳು. ಕೊನೆಯ ಹಾಡಿಗೆ ಮುಂಚೆ ಅಪ್ಪ ಮೈಕ್ ಹಿಡಿದು, "ಇದು ಆಸ್ಪತ್ರೆಯ ಅಕ್ಕನಿಗೆ, ಅವರಿಗೇ ಗೊತ್ತು ಯಾರು ಅಂತ" ಅಂದ. ಆಮೇಲೆ ಆ 'ಬಾ' ಅನ್ನು ಕತ್ತಿನ ನರ ಉಬ್ಬುವ ತನಕ ಎಳೆದ. ವೇದಿಕೆಯ ಪಕ್ಕ ನಿಂತಿದ್ದ ಜಾಣಿಗೆ ನೆಲ ಬಿರಿದು ಒಳಗೆ ಹೋಗಿಬಿಡಬಾರದೇ ಅನ್ನಿಸಿತು. ದನಿ ನಿಜಕ್ಕೂ ಎರಡಾಗಿ ಸೀಳುತ್ತಿತ್ತು, ಅದನ್ನು ಒಮ್ಮೆ ಗುರುತಿಸಿದ ಮೇಲೆ ಕೇಳದೆ ಇರಲು ಆಗಲಿಲ್ಲ.

ಮನೆಯಲ್ಲಿ ಅಪ್ಪ ಬೆಳಗ್ಗೆ ಸಂಜೆ ಉಪ್ಪುನೀರು ಮುಕ್ಕಳಿಸತೊಡಗಿದ. ಬ್ರೆಡ್ಡಿನ ಅಂಚು ಬಿಟ್ಟು ಬರೀ ಮೆತ್ತಗಿನದನ್ನು ತಿನ್ನುತ್ತಿದ್ದ, ಅದೂ ಹಾಲಿನಲ್ಲಿ ನೆನೆಸಿ. ಅಂಗಡಿಯವರನ್ನು ಕೂಗಿ ಕರೆಯಲಾಗದೆ ವ್ಯಾನಿನ ಹಾರ್ನು ಹೊಡೆಯುತ್ತಾನೆ ಎಂದು ಅಕ್ಕಪಕ್ಕದವರು ದೂರಿದರು. ಒಂದು ದಿನ ಊಟದ ಮಧ್ಯೆ ಅಮ್ಮ ಚಮಚ ಕೆಳಗಿಟ್ಟಳು.

"ನಾಳೆ ಡಾಕ್ಟರ ಹತ್ರ ಹೋಗೋಣ."

"ಯಾಕೆ?"

"ಯಾಕೆ ಅಂದ್ರೆ? ನಿಮ್ಮ ದನಿ ನನಗೇ ಅರ್ಥ ಆಗ್ತಿಲ್ಲ. ನೀರು ಕೇಳಿದ್ರೆ ಬೇರು ಅಂದ ಹಾಗೆ ಕೇಳುತ್ತೆ."

"ನನ್ನ ದನಿ ನಿನಗೆ ಯಾವಾಗ ಅರ್ಥ ಆಗಿತ್ತು? ಮದುವೆ ದಿನವೂ ಏನಂದ್ರಿ ಏನಂದ್ರಿ ಅಂತಿದ್ದೆ."

"ತಮಾಷೆ ಸಾಕು ರೀ. ತಿಂಗಳು ಹಾಡೋದು ನಿಲ್ಲಿಸಿ, ಗಂಟಲು ತೋರಿಸಿ."

"ಏ, ಗಂಟಲ ವಾರ್ಡಿನವಳೇ ಕೇಳಿ ಚೆನ್ನಾಗಿದೆ ಅಂದಿದ್ದಾಳೆ," ಅಂದ ಅಪ್ಪ, ಒಂದೊಂದೇ ಪದವನ್ನು ನೂಕಿ ನೂಕಿ. "ಅವಳಿಗಿಂತ ಹೆಚ್ಚಾ ಡಾಕ್ಟರು? ಏನಾದ್ರೂ ಇದ್ದಿದ್ರೆ ಅವಳು ಹೇಳ್ತಿರಲಿಲ್ವಾ? ಕೇಳು ಬೇಕಾದ್ರೆ ಇವಳನ್ನ."

ಎಲ್ಲರೂ ಜಾಣಿಯ ಕಡೆ ನೋಡಿದರು. ಹೇಳಲು ಅದೊಂದು ಗಳಿಗೆ ಸಾಕಾಗಿತ್ತು. ಅವಳ ಬಾಯಿ ತೆರೆದದ್ದೂ ನಿಜ. ಅಪ್ಪನ ಕಣ್ಣಲ್ಲಿ ಎಂಥ ನಂಬಿಕೆ ಇತ್ತು ಅಂದರೆ, ಅದನ್ನು ಒಡೆಯಲು ಅವಳ ಕೈಲಾಗಲಿಲ್ಲ. "ಡಾಕ್ಟರಿಗೆ ತೋರಿಸಿದ್ರೆ ತಪ್ಪೇನಿಲ್ಲ ಅಪ್ಪ," ಅಂದಳು, ಮೆಲ್ಲಗೆ.

"ನೋಡೋಣ, ಈ ತಿಂಗಳ ಕಾರ್ಯಕ್ರಮ ಮುಗೀಲಿ," ಅಂದು ಅಪ್ಪ ಹಾಲಿನ ಬಟ್ಟಲು ಎತ್ತಿಕೊಂಡ. ಜಾಣಿ ಒಂದು ಬ್ರೆಡ್ಡು ಮುರಿದು ಬಾಯಿಗಿಟ್ಟುಕೊಂಡಳು.

ಮುಂದಿನ ಭಾನುವಾರ ಡ್ರಮ್ ಮಾವ ಬಂದ. ಮಾವ ಅಂದರೆ ರಕ್ತ ಸಂಬಂಧವೇನಿಲ್ಲ, ಅಪ್ಪನ ಹಳೇ ಗೆಳೆಯ, ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು, ಮಿಕ್ಕ ದಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಊಟಕ್ಕೆ ಕೂರಿಸಿದರೂ ಅವನ ಕೈ ತಟ್ಟೆಗೆ ಹೋಗುತ್ತಿರಲಿಲ್ಲ.

"ಇನ್ನು ಮುಂದಿನ ಕಾರ್ಯಕ್ರಮ ಬೇಡ ಕಣೋ," ಅಂದ. "ಹಾಲ್‌ನವರು ಫೋನ್ ಮಾಡಿದ್ರು. ಟಿಕೆಟ್ ಹೋಗ್ತಿಲ್ಲ."

"ಹೋಗ್ತವೆ ಬಿಡು. ಆಲ್ಬಮ್ ಬಗ್ಗೆ ಜನ ಈಗ ಮಾತಾಡ್ತಿದ್ದಾರೆ."

"ಮಾತಾಡ್ತಿದ್ದಾರೆ, ಹೌದು. ಉಗೀತಿದ್ದಾರೆ."

"ಯಾರು ಉಗಿದ್ರು? ನಮ್ಮನೇಲಿ ದಿನಾ ಓದ್ತಾರಪ್ಪ."

"ಏನು ಓದ್ತಾರೆ? ನನ್ನ ಡ್ರಮ್ಮನ್ನ ಪಾತ್ರೆ ಅಂಗಡಿ ಅಂದಿದ್ದಾರೆ, ಅದನ್ನ ಓದಿದ್ರಾ? ನೀನು ಬಾಯಿ ಮುಕ್ಕಳಿಸ್ತಿದ್ದೀಯ ಅಂದಿದ್ದಾರೆ, ಅದನ್ನ?"

ಅಜ್ಜಿ ಕಿವಿ ನಿಮಿರಿಸಿದಳು. "ಪಾತ್ರೆ ಅಂಗಡಿಯಾ? ಅಂಥದ್ದನ್ನ ಇವಳು ಓದೇ ಇಲ್ವಲ್ಲ. ಓದಿದ್ರೆ ನಾನು ಬಿಡ್ತಿದ್ನಾ?"

ಡ್ರಮ್ ಮಾವ ಜಾಣಿಯ ಮುಖ ನೋಡಿದ. ಅವನಿಗೆ ಅರ್ಥವಾಯಿತು, ಆಡಿದ್ದನ್ನು ವಾಪಸು ತೆಗೆದುಕೊಳ್ಳಲು ಆಗಲಿಲ್ಲ. "ಅಂದ್ರೆ, ಎಲ್ಲರೂ ಅಲ್ಲ..." ಎಂದು ತಡವರಿಸಿದ.

"ಜಾಣಿ," ಅಂದ ಅಪ್ಪ.

"ನಿನಗೆ ಬೇಜಾರಾಗುತ್ತೆ ಅಂತ, ಅಪ್ಪ."

"ಎಷ್ಟು ದಿನದಿಂದ?"

"ಈ ಆಲ್ಬಮ್ ಬಂದಾಗಿನಿಂದ."

"ನಾನೇ ಹೇಳಿದ್ದು ರೀ," ಅಂದಳು ಅಮ್ಮ. "ಅವಳನ್ನ ಬೈಬೇಡಿ."

ಅಪ್ಪ ಯಾರನ್ನೂ ಬೈಯಲಿಲ್ಲ. ತಟ್ಟೆಯನ್ನು ತಾನೇ ತೊಳೆದಿಟ್ಟ. ಅಜ್ಜಿ ಮಾತ್ರ, "ಬೈದಿದ್ದನ್ನ ಕೊಟ್ಟಿದ್ರೆ ನಾನು ನೋಡ್ಕೋತಿದ್ನಲ್ಲೇ, ಅದಕ್ಕಲ್ವಾ ನಾನಿರೋದು" ಎಂದು ಒಂದೇ ಸಮನೆ ಹೇಳುತ್ತಿದ್ದಳು. ಡ್ರಮ್ ಮಾವ ಹೋದ ಮೇಲೆ ಅಪ್ಪ ಕೈ ಒರೆಸಿಕೊಳ್ಳುತ್ತಾ ಜಾಣಿಯ ಹತ್ತಿರ ಬಂದು ನಿಂತ. ದನಿ ಪಿಸುಮಾತಿಗಿಂತ ಸ್ವಲ್ಪ ಮೇಲಿತ್ತು ಅಷ್ಟೇ.

"ಆ ನರ್ಸ್ ಬರೆದಿದ್ದು? ಅದೂ ಸುಳ್ಳಾ?"

"ಇಲ್ಲ ಅಪ್ಪ," ಅಂದಳು ಜಾಣಿ. "ಅವರು ಬರೆದಿದ್ದು ನಿಜ."

ಬರೆದದ್ದಂತೂ ನಿಜವೇ. ಅಪ್ಪ ತಲೆಯಾಡಿಸಿದ. ಅದೊಂದನ್ನಾದರೂ ಉಳಿಸಿಕೊಂಡವನ ಹಾಗೆ ಒಳಗೆ ಹೋದ. ಅವತ್ತಿನಿಂದ ಊಟದ ಹೊತ್ತಿಗೆ ಓದು ನಿಂತಿತು. ಚಮಚ ಬಟ್ಟಲಿಗೆ ತಾಗುವ ಸದ್ದು ಎಲ್ಲರಿಗೂ ಕೇಳಿಸತೊಡಗಿತು.

ಒಂದು ಬೆಳಗ್ಗೆ ಅಮ್ಮ ಬಚ್ಚಲಿಗೆ ಹೋದಾಗ ಬೇಸಿನ್ನಿನಲ್ಲಿ ರಕ್ತದ ಎಳೆ ಕಂಡಳು. ಆಮೇಲೆ ಅಪ್ಪನ ಮಾತು ನಡೆಯಲಿಲ್ಲ. ಆಸ್ಪತ್ರೆಯಲ್ಲಿ ಗಂಟಲೊಳಗೆ ಸಣ್ಣ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಗಡ್ಡೆ ಎಂದು ಬಂತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಅದೇ ದಾರಿ, ಕತ್ತಿನಲ್ಲಿ ತೂತು ಮಾಡಿ ಅಲ್ಲಿಂದ ಉಸಿರಾಡಿಸುತ್ತೇವೆ, ಮಾತು ಹೋಗುತ್ತದೆ, ಎಂದು ಡಾಕ್ಟರು ಹೇಳಿದರು. ಚಿಕ್ಕ ವಯಸ್ಸಿನವರು, ಹೇಳುವಾಗ ಅವರ ಮುಖವೇ ಸಣ್ಣಗಾಗಿತ್ತು.

ಅಪ್ಪ ಕೇಳಿದ್ದು ಒಂದೇ. "ಹಾಡು?"

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು.

ಅಪ್ಪನನ್ನು ಒಳಗೆ ಕರೆದೊಯ್ದ ಮೇಲೆ ಜಾಣಿ ಡಾಕ್ಟರನ್ನು ಕಾರಿಡಾರಿನಲ್ಲಿ ನಿಲ್ಲಿಸಿದಳು. "ಮೊದಲೇ ಬಂದಿದ್ರೆ? ಆಲ್ಬಮ್ ಬಂದಾಗ್ಲೇ, ಅಂದ್ರೆ, ನಾಲ್ಕು ತಿಂಗಳ ಹಿಂದೆ?"

"ಖಚಿತವಾಗಿ ಹೇಳೋಕಾಗಲ್ಲಮ್ಮ. ಆಗ ನೋಡಿದ್ರೆ ದನಿ ಉಳಿಸೋ ಪ್ರಯತ್ನವಾದ್ರೂ ಮಾಡಬಹುದಿತ್ತು. ಯಾರಿಗೂ ಅನುಮಾನ ಬರ್ಲಿಲ್ವಾ?"

"ದನಿ ಮೊದಲಿಂದ್ಲೂ ಹಾಗೇ ಇತ್ತು ಡಾಕ್ಟ್ರೇ," ಅಂದಳು ಜಾಣಿ.

ಅಲ್ಲಿಂದ ಅವಳು ನೇರ ಲಾಂಡ್ರಿಗೆ ಹೋದಳು. ಅಮ್ಮ ರಜೆ ಸಿಗದೆ ಅರ್ಧ ದಿನಕ್ಕೆ ಕೆಲಸಕ್ಕೆ ಬಂದಿದ್ದಳು. ಹೋಟೆಲಿನ ಬಿಳಿ ಹಾಸುಗಳ ರಾಶಿ, ಕೋಣೆಯ ತುಂಬ ಹಬೆ. ಜಾಣಿ ಇಸ್ತ್ರಿ ಮೇಜಿನ ಆಚೆ ನಿಂತು ಎಲ್ಲ ಹೇಳಿದಳು. ಮೂರನೇ ಸಾಲಿನವಳು ಬರೆದದ್ದನ್ನು ಅವಳು ಮರೆತೇ ಇರಲಿಲ್ಲ, ಒಂದೊಂದು ಪದವೂ ಬಾಯಿಗೆ ಬಂತು. ಅಮ್ಮ ಅಲುಗಾಡದೆ ಕೇಳಿದಳು. ಇಸ್ತ್ರಿ ಹಾಸಿನ ಮೇಲೇ ನಿಂತಿತ್ತು. ಸುಟ್ಟ ವಾಸನೆ ಬಂದಾಗ ಎತ್ತಿದಳು.

"ಸುಟ್ಟೇ ಹೋಯ್ತು ನೋಡು," ಅಂದಳು, ಕಂದು ಕಲೆಯನ್ನು ಬೆರಳಿನಿಂದ ಮುಟ್ಟುತ್ತಾ. ಆಮೇಲೆ, "ನಾನೇ ಅಲ್ವಾ ನಿನಗೆ ಹೇಳಿಕೊಟ್ಟಿದ್ದು."

"ನೀನು ಬೈದಿದ್ದನ್ನ ಬಿಡು ಅಂದಿದ್ದೆ ಅಮ್ಮಾ. ಇದು ಬೈಗುಳ ಆಗಿರ್ಲಿಲ್ಲ."

ಅಮ್ಮ ಹೊಡೆಯುತ್ತಾಳೆ ಅಂದುಕೊಂಡಿದ್ದಳು ಜಾಣಿ. ಹೊಡೆದಿದ್ದರೆ ಒಳ್ಳೆಯದಿತ್ತು. ಅಮ್ಮ ಸುಟ್ಟ ಹಾಸನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಅವಳ ಗಲ್ಲದಿಂದ ಇಳಿಯುತ್ತಿದ್ದದ್ದು ಬೆವರೋ ಕಣ್ಣೀರೋ ಆ ಹಬೆಯಲ್ಲಿ ತಿಳಿಯುವಂತಿರಲಿಲ್ಲ.

"ಅವರಿಗೆ ಹೇಳ್ಬೇಡ," ಅಂದಳು ಕೊನೆಗೆ. "ನಿನ್ನೆ ಕೂಡ ಹೇಳ್ತಿದ್ರು, ಹೋಗ್ಲಿ ಬಿಡು, ಒಬ್ಬಳನ್ನಾದ್ರೂ ಅಳಿಸಿದ್ನಲ್ಲ ಅಂತ. ಅವರ ಹತ್ರ ಈಗ ಉಳಿದಿರೋದು ಅದೊಂದೇ."

ಶಸ್ತ್ರಕ್ರಿಯೆ ಆಯಿತು. ಅಪ್ಪ ಮನೆಗೆ ಬಂದಾಗ ಕತ್ತಿಗೆ ತೆಳು ಬಟ್ಟೆ ಕಟ್ಟಿದ್ದರು, ಅದರ ಹಿಂದೆ ಉಸಿರು ಸುಯ್ ಸುಯ್ ಅನ್ನುತ್ತಿತ್ತು. ಅಮ್ಮ ಮಕ್ಕಳ ಸ್ಲೇಟೊಂದನ್ನು ತಂದುಕೊಟ್ಟಿದ್ದಳು. ಅಪ್ಪ ಅದರಲ್ಲಿ ಬರೆಯುತ್ತಿದ್ದದ್ದೆಲ್ಲ ಸಣ್ಣ ಸಣ್ಣ ಮಾತು. ನೀರು. ಕಿಟಕಿ ಹಾಕು. ವ್ಯಾನು ಯಾರು ಓಡಿಸ್ತಿದ್ದಾರೆ? ಅಜ್ಜಿಗೆ ಸ್ಲೇಟು ಕಾಣುತ್ತಿರಲಿಲ್ಲ. ಮಗನ ದನಿ ಕೇಳದೆ, ಬರೆದದ್ದೂ ಕಾಣದೆ, ಅವಳು ಅವನ ಮಂಚದ ಪಕ್ಕ ಕೂತು ಅವನ ಕೈಬೆರಳುಗಳನ್ನು ಒಂದೊಂದಾಗಿ ಸವರುತ್ತಿದ್ದಳು. "ಕರುವಿನ ಹಾಗೆ ಕೂಗ್ತಾನೆ ಅಂದಿದ್ರಲ್ಲ," ಅಂದಳು ಒಂದು ಮಧ್ಯಾಹ್ನ, ಯಾರಿಗೂ ಅಲ್ಲದ ಹಾಗೆ. "ಈಗ ಒಂದ್ಸಲ ಕೂಗೋ ನೋಡೋಣ."

ಸುದ್ದಿ ಹೊರಗೆ ಹೋಗಲು ತಡವಾಗಲಿಲ್ಲ. ಡ್ರಮ್ ಮಾವ ಅಭಿಮಾನಿಗಳ ಗುಂಪಿಗೆ ನಾಲ್ಕು ಸಾಲು ಬರೆದು ತಿಳಿಸಿದ. ಅವತ್ತೇ ಗಾಳಿ ತಿರುಗಿತು. ಬೈದವರೇ ಆ ಆಲ್ಬಮ್ಮನ್ನು ಮತ್ತೆ ಹಾಕಿ ಕೇಳಿದರು. ಚಪ್ಪಾಳೆ ಅಂಟಿಸಿದ್ದಾರೆ ಅಂದವನು ಆ ಚಪ್ಪಾಳೆಯಲ್ಲಿ ತನ್ನದೂ ಇದೆ ಎಂದು ಬರೆದ. ಟೀ ಕುಡಿದು ಬರಬಹುದು ಅಂದವನು, ಇನ್ನಷ್ಟು ಎಳೆದಿದ್ದರೂ ಆಗುತ್ತಿತ್ತು ಎಂದು ಬರೆದ. ಬ್ಯಾಂಡಿನ ಎಲ್ಲ ಆಲ್ಬಮ್‌ಗಳಲ್ಲಿ ಇದೇ ದೊಡ್ಡದು ಎಂಬ ಮಾತು ಹುಟ್ಟಿಕೊಂಡು, ಅದರ ಮೇಲೆ ಜಗಳವೂ ಶುರುವಾಯಿತು. ಜಾಣಿ ಇದನ್ನೆಲ್ಲ ಪಾರ್ಸೆಲ್ ಗುಡ್ಡೆಯ ಪಕ್ಕ ಕೂತು ಓದಿದಳು. ಈಗ ಬಂದು ಏನು ಪ್ರಯೋಜನ ಎಂದು ಹೊಟ್ಟೆ ಉರಿಯಿತು.

ಆ ಸಂಜೆ ಎಲ್ಲರ ಊಟ ಅಪ್ಪನ ಮಂಚದ ಸುತ್ತ. ಅವನಿಗೆ ಗಂಜಿ, ಮಿಕ್ಕವರಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಜಾಣಿ ಫೋನು ತೆಗೆದಳು.

"ಅಪ್ಪ, ಓದ್ಲಾ?"

ಅಪ್ಪ ಅವಳನ್ನೇ ನೋಡಿದ. ಬೇಡ ಅನ್ನಲಿಲ್ಲ.

"'ಕೊನೆಯ ಬಾ ಬಂದಾಗ ರಸ್ತೆ ಬದಿಗೆ ಗಾಡಿ ನಿಲ್ಲಿಸಿ ಕೂತುಬಿಟ್ಟೆ. ದನಿ ಒಡೆಯುತ್ತೆ, ಆದ್ರೂ ಅವನು ಬಿಡೋದಿಲ್ಲ, ಹಿಡ್ಕೊಂಡೇ ಇರ್ತಾನೆ. ಇದನ್ನ ಬಾಯಿ ಮುಕ್ಕಳಿಸೋದು ಅಂತ ನಕ್ಕವನು ನಾನೇ. ಗೊಗ್ಗಣ್ಣ, ತಪ್ಪಾಯ್ತು.'"

ಅಪ್ಪ ಮೆಲ್ಲಗೆ ನಕ್ಕ. ಸ್ಲೇಟು ಎತ್ತಿಕೊಂಡು ಬರೆದ: ಚೆನ್ನಾಗಿ ಕಟ್ಟಿದ್ದೀಯ.

"ನಾನು ಕಟ್ಟಿಲ್ಲ ಅಪ್ಪ. ಅವನೇ ಬರೆದಿದ್ದು. ನೀನೇ ನೋಡು." ಅವಳು ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಅಪ್ಪ ಕಣ್ಣು ಮುಚ್ಚಿಕೊಂಡ, ಹಳೇ ಕಟ್ಟಪ್ಪಣೆ ಅವನಿಗಿನ್ನೂ ನೆನಪಿತ್ತು. ಅವಳ ಮೊಣಕೈ ತಟ್ಟಿದ, ಮಗು ಮಣ್ಣಲ್ಲಿ ಅಡುಗೆ ಮಾಡಿ ಬಡಿಸಿದರೆ ತಿಂದ ಹಾಗೆ ಮಾಡುತ್ತೇವಲ್ಲ, ಹಾಗೆ.

"ಓದಲಿ ಬಿಡೋ," ಅಂದಳು ಅಜ್ಜಿ. "ಸುಳ್ಳಾದ್ರೇನು, ಕಿವಿಗೆ ಹಿತವಾಗಿದೆ."

ಇಷ್ಟು ದಿನದ ಮೇಲೆ ನಿಜ ಓದಿದ್ದಳು, ನಂಬುವವರು ಒಬ್ಬರೂ ಇರಲಿಲ್ಲ. ಜಾಣಿಯ ಬೆರಳು ಫೋನಿನ ಮೇಲೆ ಜಾರಿತು. ಎಲ್ಲಿಗೆ ಹೋಗಬೇಕು ಅನ್ನುವುದು ಅವಳಿಗೆ ಗೊತ್ತಿತ್ತು.

"ಇನ್ನೊಂದಿದೆ. ಮೂರನೇ ಸಾಲಿನವರದು."

ಅಮ್ಮನ ಕೈಯಲ್ಲಿದ್ದ ಸೌಟು ಗಂಜಿ ಪಾತ್ರೆಯಲ್ಲೇ ನಿಂತಿತು. "ಜಾಣಿ, ಬೇಡ."

ಅಪ್ಪ ಕಣ್ಣು ತೆರೆದು, ಓದು ಎಂದು ಕೈಸನ್ನೆ ಮಾಡಿದ. ಅವನ ಮುಖ ಅರಳಿತ್ತು.

"'ಈಗ ಹೊಗಳೋರು ಹೊಗಳಿ. ಆಲ್ಬಮ್ ಬಂದ ಹೊಸದರಲ್ಲೇ ನಾನು ಬರೆದಿದ್ದೆ. ಈ ದನಿ ಸರಿಯಿಲ್ಲ, ಅವರ ಮನೆಯವರಿಗೆ ಯಾರಾದ್ರೂ ಮುಟ್ಟಿಸಿ, ಗಂಟಲು ತೋರಿಸಿಕೊಳ್ಳಲಿ ಅಂತ. ನನ್ನ ಮಾತು ಅವರಿಗೆ ಮುಟ್ಟಲಿಲ್ಲ ಅಂತ ಕಾಣುತ್ತೆ. ಮುಟ್ಟಿದ್ರೆ ಮನೆಯವರು ಯಾರಾದ್ರೂ ಸುಮ್ಮನಿರ್ತಿದ್ರಾ?'"

ಓದು ಮುಗಿದ ಮೇಲೆ ಅಪ್ಪನ ಉಸಿರಿನ ಸದ್ದೊಂದೇ ಕೋಣೆಯಲ್ಲಿ ಉಳಿಯಿತು.

"ಮುಟ್ಟಿತ್ತು ಅಪ್ಪ," ಅಂದಳು ಜಾಣಿ. "ನನಗೆ ಮುಟ್ಟಿತ್ತು. ಅವರು ಕಣ್ಣೀರು ಬಂತು ಅಂತ ಬರೆದೇ ಇರ್ಲಿಲ್ಲ. ಗಂಟಲು ತೋರಿಸಿ ಅಂತ ಬರೆದಿದ್ರು. ನಾನು ಬೇರೆ ಥರ ಓದಿ ಹೇಳ್ದೆ. ನೀನು ಡಾಕ್ಟರ್ ಬೇಡ ಅಂದಾಗ್ಲೂ ಹೇಳ್ಲಿಲ್ಲ."

ಅಜ್ಜಿ ಅಪ್ಪನ ಬೆರಳು ಸವರುವುದನ್ನು ನಿಲ್ಲಿಸಿದಳು. ಅವಳ ಬಳಿ ಯಾವಾಗಲೂ ಇರುತ್ತಿದ್ದ ಎರಡು ಮಾತು ಇವತ್ತು ಬರಲಿಲ್ಲ. ಅಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು.

ಅಪ್ಪ ಸ್ಲೇಟಿನ ಮೇಲೆ ಏನೋ ಬರೆದ, ಅಂಗೈಯಿಂದ ಒರೆಸಿದ. ಮತ್ತೆ ಬರೆದು ಮತ್ತೆ ಒರೆಸಿದ. ಗಂಜಿ ಕೆನೆಕಟ್ಟಿತು. ಕೊನೆಗೆ ಬರೆದದ್ದನ್ನು ಒರೆಸದೆ, ಅವಳ ಕಡೆ ನೋಡದೆ, ಸ್ಲೇಟನ್ನು ಅವಳತ್ತ ತಿರುಗಿಸಿದ.

ಗಾಡಿ ನಿಲ್ಲಿಸಿದವನದು. ಹಾಗಾದ್ರೆ ಅದು ನಿಜಾನಾ?

"ನಿಜ ಅಪ್ಪ."

ಸ್ಲೇಟಿನಲ್ಲಿ ಸ್ವಲ್ಪವೇ ಜಾಗ ಉಳಿದಿತ್ತು. ಅಪ್ಪ ಅಲ್ಲೇ ಕೆಳಗೆ, ಸಣ್ಣ ಅಕ್ಷರದಲ್ಲಿ ಬರೆದ: ಇನ್ನೊಂದ್ಸಲ ಓದು.

ಅಪ್ಪ ಕಿಟಕಿಯ ಕಡೆ ಮುಖ ಮಾಡಿ, ಕತ್ತಿನ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದ. ಜಾಣಿ ಒಂದಕ್ಷರವೂ ಬಿಡದೆ ಓದಿದಳು.